ಗುರುತಿನ ಗಿಡ

ಗಡಹಿಂಗ್ಲಜ ಬಸ್ ನಿಲ್ದಾಣದಲ್ಲಿ ಮುದಕವ್ವ ರುದ್ರಭೂಮಿ ಕಮಿಟಿಯ ಬಾಳಾಸಾಹೇಬನನ್ನು ತಡೆದು ನಿಲ್ಲಿಸಿದ್ದಳು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಶೀತಲಳಿಗೆ ಬೇಡವೆಂದರೂ ಕೇಳಿಸುತ್ತಿತ್ತು.

“ನಮ್ಮ ಮನಿಯವರಿಗೆ ಮಣ್ಣ ಕೊಟ್ಟಲ್ಲೆ ಗುರ್ತಿಗಂತ ಬಿಲ್ಪತ್ರಿ ಗಿಡಾ ಹಚ್ಚಿದ್ದೆ. ಎಲ್ಲೈತೋ?”

“ಜೆಸಿಬಿ ಹಚ್ಚಿ ಸಪಾಟ ಮಾಡೀವ್ರಿ ಕಾಕೂ. ಭಾಳ ಹೊಲಸಾಗಿತ್ತು, ಸ್ವಚ್ಛ ಮಾಡೀವಿ.”

“ನಮ್ಮವರು ಎಲ್ಲದಾರ?”

“ಅಲ್ಲೇ ಫರಸಿ ಕಲ್ಲಿನ ಕೆಳಗ ಇರಬೇಕ್ರಿ. ಮ್ಯಾಲ ಬೆಂಚ್ ಹಾಕೀವಿ, ಬಂದು ಆರಾಮ ಕುಂಡ್ರಿ.”

“ಅವರನ್ನ ಕುಂಡ್ರಿಸಿ ಮಣ್ಣ ಕೊಟ್ಟೇವೋ. ತಲಿ ಮ್ಯಾಲ ಕುಂಡ್ರಲೇನು?”

ಇಚಲಕರಂಜಿ ಬಸ್ಸು ಬಂತು. ಬಾಳಾಸಾಹೇಬ ಮಾತು ಬಿಟ್ಟು ಓಡಿ, ಕಿಟಕಿಯಿಂದ ಸೀಟಿನ ಮೇಲೆ ಟಾವೆಲ್ ಒಗೆದ. ಅವನು ಗದ್ದಲದಲ್ಲಿ ನುಗ್ಗಿ ಒಳಗೆ ಬರುವಷ್ಟರಲ್ಲಿ, ಶೀತಲ ಕೈಹಿಡಿದು ಮೊದಲೇ ಹತ್ತಿಸಿದ್ದ ಮುದಕವ್ವ ಅದೇ ಸೀಟಿನಲ್ಲಿ ಕೂತಿದ್ದಳು. ಟಾವೆಲ್ ಕೆಳಗೆ ಬಿದ್ದಿತ್ತು.

“ಕಾಕೂ, ಗುರ್ತಿಗಂತ ಟಾವೆಲ್ ಹಾಕಿದ್ನಲ್ರಿ!”

“ಭಾಳ ಹೊಲಸಾಗಿತ್ತು,” ಅಂದಳು ಮುದಕವ್ವ. “ಸ್ವಚ್ಛ ಮಾಡೀನಿ.”