ಆರನೆಯ ಆಟಗಾರ್ತಿ

“ಮೊಣಕಾಲು ನೋಯ್ತಿದೆ ಅಂತ ಹುಡುಗಿ ಬೆಳಿಗ್ಗೇನೇ ಹೇಳಿದ್ಲಾ?”

ಸ್ಕ್ಯಾನಿಂಗ್ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿದ್ದ ಹೆಂಗಸು ಗಂಡನನ್ನು ಕೇಳಿದರು. ಆತನ ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು.

“ಹೇಳಿದ್ಲು. ಪಟ್ಟಿ ಸುತ್ತಿ ಆಡಿಸ್ದೆ.”

“ಓಟಕ್ಕೂ ಅವಳೇ, ವಾಲಿಬಾಲಿಗೂ ಅವಳೇ. ಒಂದೇ ಎತ್ತಿಗೆ ಎಷ್ಟು ನೊಗ ಕಟ್ತೀರಿ?”

“ಇಡೀ ಕಾಲೇಜಲ್ಲಿ ಆಡೋಕೆ ಬರೋ ಹುಡುಗೀರೇ ಆರು ಜನ ಕಣೇ. ಇವಳನ್ನ ಕೂರಿಸಿದ್ರೆ ಐದು. ಐದು ಜನಾನ ಅಂಕಣಕ್ಕೇ ಬಿಡಲ್ಲ.”

“ಬಿಡದಿದ್ರೆ ಮನೆಗೆ ಬರೋದು. ಇಪ್ಪತ್ತೆರಡು ವರ್ಷದಲ್ಲಿ ಸೋತು ಬಂದ ದಿನ ನಾನೇನು ಊಟ ಹಾಕಿಲ್ವಾ?”

“ಈ ಸಲಾನೂ ಸೋತ್ರೆ ಆಟಾನೂ ಬೇಡ, ಕೋಚೂ ಬೇಡ ಅಂದಿದ್ರು ಪ್ರಿನ್ಸಿಪಾಲ್ರು.”

“ಗೆದ್ರಲ್ಲ. ಸಮಾಧಾನ ಆಯ್ತಾ?”

“ಗೆದ್ದ ಕಪ್ ಕಾಲೇಜಿಗೆ ಹೋಯ್ತು. ನಾನಿಲ್ಲಿಗೆ ಬಂದೆ.”

“ಅವರಪ್ಪನಿಗೆ ಏನಂದ್ರಿ?”

“ಜಾರಿ ಬಿದ್ಲು ಅಂತ ಫೋನಲ್ಲಿ ಹೇಳ್ದೆ.”

“ಫೋನಲ್ಲಿ ಸರಿ. ಎದುರಿಗೆ ಏನು ಹೇಳ್ತೀರಿ?”

ಆತ ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡರು. ನಾನು ಪೇಪರು ಓದುವವನ ಹಾಗೆ ಪುಟ ತಿರುಗಿಸಿದೆ.

ಸ್ವಲ್ಪ ಹೊತ್ತಿಗೆ ಬಸ್ ಡ್ರೈವರ್ ಒಬ್ಬರು ಕೆಲಸದ ಬಟ್ಟೆಯಲ್ಲೇ ಓಡಿಬಂದು ಕೋಚ್ ಕೈ ಹಿಡಿದುಕೊಂಡರು.

“ಮಗಳ ಜೊತೆ ನೀವಿದೀರಿ ಅಂದ್ಮೇಲೆ ನನಗೆ ಭಯ ಇಲ್ಲ ಸಾರ್.”

ಕೋಚ್ ಹೆಂಡತಿಯ ಕಡೆ ನೋಡಿದರು. ಅವರು ನೋಟ ತೆಗೆಯಲಿಲ್ಲ.

“ಸ್ವಲ್ಪ ಹೊರಗೆ ಬನ್ನಿ. ಫೋನಲ್ಲಿ ನಾನು ನಿಜ ಹೇಳ್ಲಿಲ್ಲ.”

ಇಬ್ಬರೂ ಹೊರಗೆ ಹೋದರು. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, ಹುಡುಗಿಯ ಕಡೆಯವರು ಯಾರು ಎಂದು ಕೇಳಿದಳು. ಆ ಹೆಂಗಸು ಬೆಂಚಿನ ಕೆಳಗಿದ್ದ ಹುಡುಗಿಯ ಬೂಟುಗಳನ್ನು ಎತ್ತಿಕೊಂಡು ತಾವೇ ಒಳಗೆ ನಡೆದರು.