ಫೋಂಡಾಕ ಭಾಡೆಂ

ಉಸಗಾಂವದ ಬಸ್‌ಸ್ಟಾಪಿನಲ್ಲಿ ಗಂಡ ಹೆಂಡತಿ ನನ್ನ ಪಕ್ಕ ನಿಂತಿದ್ದರು.

“ನೆಲದಾಗ ಕುಣಿ ತಗಿಯೋ ಮಷೀನ ಕೊಂಡಬಿಡೂಣೇನ? ನಾಳಿ ಬೇಲಿ ಕಂಬ ನಿಲ್ಲಸಲಿಲ್ಲಂದ್ರ ಕೆಲಸ ಹೋಗ್ತೈತಿ,” ಎಂದ ಗಂಡ.

“ವಾರದ ಕೆಲಸಕ್ಕ ಕೊಳ್ಳೂದ್ಯಾಕ್ರಿ? ಬಾಡಗಿಗಿ ತರ್ರಿ.”

“ಅದss ತಿಳಿವಲ್ದು. ಮಷೀನ ಆ ಎದುರಿನ ಅಂಗಡ್ಯಾಗ ಐತಿ. ಬಾಡಗಿ ಕೇಳಿದ್ರ ‘ಫೋಂಡಾಕ ಭಾಡೆಂ’ ಅಂತಾನ. ಬಾಡಗಿಗಿ ಫೋಂಡಾ ಊರಾಗ ಸಿಗತೈತಿ ಅಂದಾನಂತ ನಿನ್ನಿ ಅಲ್ಲಿ ಪ್ಯಾಟಿ ಎಲ್ಲಾ ತಿರಗೇನಿ, ಎಲ್ಲೂ ಸಿಗಲಿಲ್ಲ.”

“ಅಯ್ಯ, ಕೊಂಕಣ್ಯಾಗ ಫೋಂಡ ಅಂದ್ರ ಕುಣಿರಿ! ಒಂದೊಂದು ಕುಣಿಗಿ ಇಷ್ಟು ಬಾಡಗಿ ಅಂದಾನ.”

“ಮತ್ತ ಫೋಂಡಾ ಊರು?”

“ಅದು ಊರs. ಬರ್ರಿ, ಅಂಗಡಿಗಿ ಹೋಗೂಣು.”

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು, “ಫೋಂಡಾ! ಫೋಂಡಾ!” ಎಂದು ಕೂಗಿದ.

“ಇವ ನಮ್ಮನ್ನ ಊರಿಗಿ ಕರ್ಯಾಕತ್ತಾನೋ, ಕುಣಿಗಿ ಕರ್ಯಾಕತ್ತಾನೋ?” ಎನ್ನುತ್ತ ಗಂಡ, ಹೆಂಡತಿಯ ಹಿಂದೆ ರಸ್ತೆ ದಾಟಿದ.