ಆ ವೈರ್ ಅಲ್ಲ

ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆಗಿದ್ದು. ಮೊದಲು ಅವನು ಹೇಳಿದ. ಬೇರೆ ದಿನ, ಬೇರೆ ಕಡೆ, ಅವನ ಹೆಂಡತಿ ಹೇಳಿದಳು. ಇಬ್ಬರ ಮಾತೂ ಕೂದಲೆಳೆ ವ್ಯತ್ಯಾಸ ಇಲ್ಲದೆ ತಾಳೆಯಾಯಿತು... ಅದಕ್ಕೇ ನಂಬಿದ್ದು.

ಅವನು ಅಗ್ನಿಶಾಮಕ ದಳದವನು. ಠಾಣೆಯಲ್ಲಿ ಎಲ್ಲರೂ ಅವನನ್ನು ಬಂಡೆ ಅಂತಲೇ ಕರೆಯೋದು. ಹೊಗೆ ತುಂಬಿದ ಮನೆಗೆ ಬಾಗಿಲು ಒಡೆದು ಮೊದಲು ನುಗ್ಗೋನು ಅವನೇ, ಕೊನೆಗೆ ಹೊರಗೆ ಬರೋನೂ ಅವನೇ. ಹೆದರಿಕೆ ಅಂದರೆ ಏನು ಅಂತ ಇವನಿಗೆ ಯಾರಾದರೂ ಪಾಠ ಮಾಡ್ರಪ್ಪಾ ಅಂತ ಅಲ್ಲಿನ ಸಾಹೇಬರು ತಮಾಷೆ ಮಾಡೋರು. ಅವನು ಮೀಸೆಯಡಿ ನಗೋನು.

ಆವತ್ತು ರಾತ್ರಿ ಪಾಳಿ ಮುಗಿಸಿ ಹೊರಟಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದಾರಿಯಲ್ಲಿ ಒಂದು ಪಾಳು ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಕತ್ತಲಾದ ಮೇಲೆ ಜನ ಸುತ್ತು ಹಾಕಿಕೊಂಡಾದರೂ ಬೇರೆ ದಾರಿ ಹಿಡಿಯುತ್ತಾರೆ. ಬಂಡೆಗೆ ಅದೆಲ್ಲ ಲೆಕ್ಕಕ್ಕಿಲ್ಲ. ಹಗ್ಗ ಕಟ್ಟಿಕೊಂಡು ಆ ಬಾವಿಗೆ ಇಳಿದು ಹೆಣ ಎತ್ತಿದವನೇ ಅವನು. ಒಳಗೆಲ್ಲೋ 'ಗುಳುಕ್' ಅಂತು. ಅವನು ತಿರುಗಿಯೂ ನೋಡಲಿಲ್ಲ.

ತಿರುವು ದಾಟಿದರೆ ಮನೆ. ಕಿಟಕಿಯಲ್ಲಿ ನೀಲಿ ಬೆಳಕು. ಹೆಂಡತಿ ಇನ್ನೂ ಮಲಗಿಲ್ಲ. ಹೊಸ ಮಾನಿಟರ್ ಮುಂದೆ ಕೂತಿದ್ದಾಳೆ... ಅವಳ ಹಿಂದೆ ಯಾರೋ ನಿಂತಿದ್ದಾರೆ. ಕುರ್ಚಿಯ ಬೆನ್ನಿಗೆ ಕೈ ಇಟ್ಟು, ಬಗ್ಗಿ, ಅವಳ ಭುಜದ ಮೇಲಿಂದ ಪರದೆ ನೋಡುತ್ತಿದ್ದಾರೆ.

ಬಾಮೈದ ಬಂದಿರಬೇಕು ಅಂದುಕೊಂಡ. ಅವಳ ತಮ್ಮನಿಗೂ ಆಟದ ಹುಚ್ಚು.

ಒಳಗೆ ಹೋದರೆ ಬಾಗಿಲ ಹತ್ತಿರ ಅವಳದೊಂದೇ ಜೊತೆ ಚಪ್ಪಲಿ. ಕೋಣೆಯಲ್ಲಿ ಅವಳೊಬ್ಬಳೇ.

"ಯಾರು ಬಂದಿದ್ರು?"

"ಯಾರೂ ಇಲ್ವಲ್ಲ."

ಕಣ್ಣಿಗೆ ನಿದ್ದೆ ಹತ್ತಿದೆ ಅಂತ ಸುಮ್ಮನಾದ.

ಅವನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ನಿಂತು ಮಾತ್ರೆ ಕತ್ತರಿಸಿ ಕೊಟ್ಟು ಬಂದು, ರಾತ್ರಿ ಕಾರ್ ರೇಸ್ ಆಟಕ್ಕೆ ಕೂತರೆ ಅವಳಿಗೆ ಲೋಕದ ಪರಿವೆ ಇರೋದಿಲ್ಲ. ಇದ್ದದ್ದು ಅಂಗೈ ಅಗಲದ ಹಳೇ ಪರದೆ. ಅವಳ ಹುಟ್ಟಿದ ದಿನಕ್ಕೆ ಅಂತ ಬಂಡೆ ಹಳೇ ಸಾಮಾನಿನ ಅಂಗಡಿಯಿಂದ ದೊಡ್ಡದೊಂದು ಗೇಮಿಂಗ್ ಮಾನಿಟರ್ ಹೊತ್ತು ತಂದಿದ್ದ. ಅವನಿಗೆ ಮೌಸ್ ಹಿಡಿಯೋದೂ ಸರಿಯಾಗಿ ಬರೋದಿಲ್ಲ. ಆದರೂ ಅಂಗಡಿಯವನು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸಿದ್ದ. ಸೆಕೆಂಡಿಗೆ ನೂರ ನಲವತ್ನಾಲ್ಕು ಸಲ ಚಿತ್ರ ಬದಲಾಗುತ್ತಂತೆ, ಕಾರು ನೀರಲ್ಲಿ ಮೀನು ಹೋದ ಹಾಗೆ ಹೋಗುತ್ತಂತೆ.

ಆದರೆ ಅದು ಅರವತ್ತರ ಮೇಲೆ ಏಳಲೇ ಇಲ್ಲ. ಅಕ್ಷರ ಎಲ್ಲ ಹಾಲು ಚೆಲ್ಲಿದ ಹಾಗೆ ಮಸುಕು. ರೆಸಲ್ಯೂಶನ್ ಏರಿಸಿದರೆ ಅಕ್ಷರ ಚೂಪಾಗುತ್ತೆ, ಕಾರು ಮುಗ್ಗರಿಸುತ್ತೆ. ಆ ಅರವತ್ತನ್ನು, ಅಂದರೆ ರಿಫ್ರೆಶ್ ರೇಟನ್ನು, ಏರಿಸಿದರೆ ಪರದೆ ಪೂರ್ತಿ ಕಪ್ಪಾಗುತ್ತೆ. ಹದಿನೈದು ಸೆಕೆಂಡು ಹಾಗೇ ಇದ್ದು, ತಾನಾಗಿಯೇ ಮತ್ತೆ ಹಳೇ ಅರವತ್ತಕ್ಕೆ ಬಂದು ಕೂರುತ್ತೆ. ಅವಳು ಸಂಜೆಯಿಂದ ಇದೇ ಕೆಲಸದಲ್ಲಿದ್ದಳು. ತಂದವನಿಗೆ ಬೇಜಾರಾಗಬಾರದು ಅಂತ ಬಾಯಿ ಬಿಟ್ಟು ಏನೂ ಅಂದಿರಲಿಲ್ಲ.

"ಹಿಂದೆ ವೈರ್ ಸಡಿಲ ಇದೆಯೇನೋ... ಸ್ವಲ್ಪ ನೋಡ್ತೀರಾ?"

ಅವನು ಟಾರ್ಚು ಹಿಡಿದು ಮೇಜಿನಡಿ ತೂರಿದ. ಒಬ್ಬ ಆಳು ಮುದುರಿ ಕೂರೋಷ್ಟೇ ಜಾಗ. ಬೆನ್ನಿಗೂ ಎಡಕ್ಕೂ ಗೋಡೆ. ಕಂಪ್ಯೂಟರಿನ ಫ್ಯಾನು 'ಗುಂಯ್' ಅಂತಿತ್ತು. ತೆಳ್ಳನೆ ವೈರಿನ ತುದಿ ಹುಡುಕಿ ಒಳಗೆ ಒತ್ತಿದ.

'ಟಿಕ್.'

ಮಾನಿಟರಿನ ಕೆಳ ಅಂಚಲ್ಲಿರೋ ಬಟನ್ ಶಬ್ದ. ಮತ್ತೆ... 'ಟಿಕ್. ಟಿಕ್.'

"ಸ್ವಲ್ಪ ಹೊತ್ತು ಒತ್ತಬೇಡ್ವೇ."

ಅವಳು ಪಿಸುಗುಟ್ಟಿದಳು. "ನಾನು ಒತ್ತಿಲ್ಲ ರೀ... ನನ್ನ ಎರಡೂ ಕೈ ತೊಡೆ ಮೇಲಿದೆ."

ಪರದೆ ಕಪ್ಪಾಯಿತು. ಕೋಣೆಯಲ್ಲಿ ಉಳಿದದ್ದು ಟಾರ್ಚಿನ ಬೆಳಕು ಮಾತ್ರ.

ಆಗ ಅವನ ಎಡಗಿವಿಯ ಹತ್ತಿರ... ಗೋಡೆ ಇದ್ದ ಕಡೆಯಿಂದ... ಯಾರೋ ಮೆಲ್ಲಗೆ ಅಂದರು.

"ಆ ವೈರ್ ಅಲ್ಲ."

ಉಸಿರು ಕಿವಿಗೆ ತಣ್ಣಗೆ ತಾಗಿತಂತೆ.

ಎದ್ದ ರಭಸಕ್ಕೆ ತಲೆ ಮೇಜಿಗೆ 'ಧಡ್' ಅಂತ ಬಡಿಯಿತು. ಹೇಗೋ ಹೊರಗೆ ಬಂದ. ಕಪ್ಪು ಪರದೆಯಲ್ಲಿ ಕೋಣೆ ಕನ್ನಡಿಯ ಹಾಗೆ ಕಾಣುತ್ತಿತ್ತು. ಅದರಲ್ಲಿ ಅವನಿದ್ದ. ಕುರ್ಚಿಯಲ್ಲಿ ಅವಳಿದ್ದಳು. ಕುರ್ಚಿಯ ಬೆನ್ನ ಮೇಲೆ ಇನ್ನೊಂದು ಕೈ ಇತ್ತು.

ಬಂಡೆ ಬಾಗಿಲ ಕಡೆ ಓಡಿದ.

ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. "ರೀ... ನನ್ನನ್ನ ಬಿಟ್ಟು ಹೋಗ್ಬೇಡಿ."

ಇಲ್ಲಿಗೆ ಬಂದಾಗ ಅವನು ನನ್ನ ಮುಖ ನೋಡಲಿಲ್ಲ. ನೆಲ ನೋಡಿಕೊಂಡೇ ಹೇಳಿದ. ನೀರಲ್ಲಿ ಮುಳುಗೋರು ಕೈ ಹಿಡಿದರೆ ಬಿಡಿಸಿಕೊಳ್ಳೋದು ಹೇಗೆ ಅಂತ ದಳದಲ್ಲಿ ಕಲಿಸಿರುತ್ತಾರೆ. ಹಿಡಿದವರ ಹೆಬ್ಬೆರಳ ಕಡೆಗೆ ಕೈ ತಿರುಗಿಸಬೇಕು. ಎಂಥ ಹಿಡಿತ ಆದರೂ ಬಿಟ್ಟುಕೊಳ್ಳುತ್ತೆ. ಅವನು ಹಾಗೇ ತಿರುಗಿಸಿದ. ಬಿಟ್ಟುಕೊಂಡಿತು.

ಹೊರಗೆ ಬಂದವನು ಬಾಗಿಲು ಎಳೆದ. ಬಾಡಿಗೆ ಮನೆ, ಹಿಂದೆ ಆ ಕೋಣೆ ಉಗ್ರಾಣವಾಗಿತ್ತು, ಚಿಲಕ ಇದ್ದದ್ದು ಹೊರಗಡೆ. ಅದನ್ನೂ ಹಾಕಿದ. 'ಕಿರ್ರ್... ಠಕ್.'

ಕಾಲು ಎಲ್ಲಿಗೆ ಎಳೆದುಕೊಂಡು ಹೋಯಿತೋ ಅವನಿಗೇ ಗೊತ್ತಿಲ್ಲ. ಎಚ್ಚರ ಬಂದಾಗ ಆ ಪಾಳು ಬಾವಿಯ ಕಟ್ಟೆ ಪಕ್ಕ ಮಂಡಿಯೂರಿ ಕೂತಿದ್ದ. ಮನೆ ಕಡೆಯಿಂದ 'ದಬ್... ದಬ್... ದಬ್...' ಅಂತ ಬಾಗಿಲು ಬಡಿಯೋ ಸದ್ದು ಕೇಳುತ್ತಿತ್ತು. ಏಳು, ಹೋಗು ಅಂತ ಮನಸ್ಸು ಹೇಳುತ್ತಿತ್ತು. ಕಾಲು ಕೇಳಲಿಲ್ಲ. ಉರಿಯೋ ಮಹಡಿ ಹತ್ತಿದ ಕಾಲು... ಹತ್ತು ಮಾರು ಆಚೆಗಿನ ತನ್ನದೇ ಮನೆಗೆ ಹೋಗೋಕೆ ಒಪ್ಪಲಿಲ್ಲ.

ಸ್ವಲ್ಪ ಹೊತ್ತಿಗೆ ಬಡಿಯೋ ಸದ್ದು ನಿಂತಿತು. ಬಡಿತ ಕೇಳುವಷ್ಟು ಹೊತ್ತು ಪರವಾಗಿರಲಿಲ್ಲ, ನಿಂತ ಮೇಲಿನದು ತಡೆಯೋಕೆ ಆಗಲಿಲ್ಲ ಅಂದ. ಆಗಲೂ ಏಳಲಿಲ್ಲ.

ಬೆಳಕು ಹರಿದ ಮೇಲೆ ಹೋದ. ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ತೆಗೆದು ಬಾಗಿಲು ತಳ್ಳಿದ.

ಒಳಗೆ ಅವಳು ಆಟ ಆಡುತ್ತಿದ್ದಳು. ಅಕ್ಷರ ಎಲ್ಲ ಚೂಪಾಗಿ ಕಾಣುತ್ತಿತ್ತು. ಕೆಂಪು ಕಾರು ಒಂದು ಚೂರೂ ಮುಗ್ಗರಿಸದೆ ತಿರುವು ತಿರುವಲ್ಲಿ ಜಾರುತ್ತಿತ್ತು. ಪರದೆಯ ಮೂಲೆಯಲ್ಲಿ ಸಣ್ಣದಾಗಿ ನೂರ ನಲವತ್ನಾಲ್ಕು ಅಂತಿತ್ತು.

"ಸರಿ ಹೋಯ್ತು," ಅಂದಳು, ತಿರುಗದೆ. ಆಮೇಲೆ ಅವನನ್ನು ಒಂದು ಸಲ ಅಡಿಯಿಂದ ಮುಡಿವರೆಗೆ ನೋಡಿದಳು. "ಸ್ನಾನ ಮಾಡಿ. ಮಂಡಿಗೆಲ್ಲ ಪಾಚಿ ಮೆತ್ತಿದೆ."

ಅಷ್ಟೇ. ಅತ್ತಳಾ, ಇಲ್ಲ. ಬೈದಳಾ, ಅದೂ ಇಲ್ಲ. ಅಡುಗೆ ಮಾಡಿದಳು, ಬಡಿಸಿದಳು, ಕೆಲಸಕ್ಕೆ ಹೋದಳು. ಬಲಗೈ ಹೆಬ್ಬೆರಳು ಊದಿಕೊಂಡಿತ್ತು, ಬಟ್ಟೆ ಕಟ್ಟಿಕೊಂಡಿದ್ದಳು. ಅಂಗಡಿಯಲ್ಲಿ ಕೇಳಿದವರಿಗೆ ಬಾಗಿಲ ಸಂದಿಗೆ ಸಿಕ್ಕಿತು ಅಂದಳಂತೆ. ಬಾಮೈದ ಮನೆಗೆ ಬಂದಾಗ ಅವನಿಗೂ ಅದನ್ನೇ ಹೇಳಿದಳು. ಬಂಡೆ ಅಲ್ಲೇ ಕೂತಿದ್ದ. ತಟ್ಟೆಯಲ್ಲಿನ ಅನ್ನ ಕಲಸುತ್ತಲೇ ಇದ್ದ, ತುತ್ತು ಎತ್ತೋಕಾಗಲಿಲ್ಲ. ಅವಳು ಒಂದು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಅಂದ ನನ್ನ ಹತ್ತಿರ.

ಆ ವಾರವೇ ಒಂದು ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಸಿಕ್ಕಿಕೊಂಡಿದ್ದ ಮುದುಕ ಕಾವಲುಗಾರನನ್ನು ಬಂಡೆ ಬೆನ್ನ ಮೇಲೆ ಹಾಕಿಕೊಂಡು ಬಂದ. ಠಾಣೆಯಲ್ಲಿ ಸಣ್ಣದೊಂದು ಸಭೆ ಮಾಡಿದರು. ಮನೆಯವರನ್ನೂ ಕರೆದಿದ್ದರು. ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿಕೊಂಡು, ಇವನು ಇವತ್ತಿನವರೆಗೆ ಒಬ್ಬರನ್ನೂ ಒಳಗೆ ಬಿಟ್ಟು ಬಂದವನಲ್ಲ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಲ್ಲಿ ಅವಳು ಕೂತಿದ್ದಳು. ಅವಳೂ ತಟ್ಟಿದಳು... ಕಟ್ಟಿದ ಹೆಬ್ಬೆರಳು ತಾಗದ ಹಾಗೆ, ಅಂಗೈ ಮಾತ್ರ ತಟ್ಟಿದಳು.

ನೆಲ ಬಿರಿದು ನುಂಗಬಾರದೇ ಅನ್ನಿಸಿತಂತೆ ಅವನಿಗೆ.

ಮನೆಗೆ ಬಂದು ಸಮವಸ್ತ್ರ ಕೂಡ ಬಿಚ್ಚಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತ.

"ಆವತ್ತು... ಚಿಲಕ ಹಾಕಿದ್ದು ನಾನು."

ಅವಳು ಪಾತ್ರೆ ಒರೆಸುತ್ತಿದ್ದಳು. "ಗೊತ್ತು. ಸದ್ದು ಕೇಳಿಸ್ತು."

ಒರೆಸಿದ್ದನ್ನು ಪಕ್ಕಕ್ಕಿಟ್ಟು ಇನ್ನೊಂದು ಪಾತ್ರೆ ತೆಗೆದುಕೊಂಡಳು.

"ಕೈ ಬಿಡಿಸ್ಕೊಂಡಿದ್ದು ಹೆದರಿ. ಅದು ನಂಗೆ ಅರ್ಥ ಆಗತ್ತೆ," ಅಂದಳು. "ಚಿಲಕ ಯಾಕೆ ಹಾಕಿದ್ರಿ?"

ಏನೇನೋ ಹೇಳಬಹುದಿತ್ತು. ಕೈತಪ್ಪಿ ಬಿತ್ತು ಅನ್ನಬಹುದಿತ್ತು. ನೆನಪೇ ಇಲ್ಲ ಅನ್ನಬಹುದಿತ್ತು. ಅವನು ಗೋಡೆ ಹಿಡಿದುಕೊಂಡ.

"ಅದು... ನನ್ನ ಹಿಂದೆ ಬರಬಾರದು ಅಂತ."

ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ದಿನಗಟ್ಟಲೆ ಹೊತ್ತ ಭಾರ ಇಳಿಸಿದ ಹಾಗೆ ನೆಲದ ಮೇಲೆ ಕೂತಳು. ಕೂತುಕೊಳ್ಳಿ ಅಂತ ಅವನಿಗೂ ಹೇಳಿದಳು. ಆವತ್ತು ಕೋಣೆಯೊಳಗೆ ಏನಾಯಿತು ಅಂತ ಅವಳು ಬಾಯಿ ಬಿಟ್ಟದ್ದು ಆಗಲೇ.

ಬಾಗಿಲು ಬಡಿದು ಬಡಿದು ಸಾಕಾಗಿ ಅವಳು ಕುರ್ಚಿಗೆ ಬಂದು ಕೂತಳಂತೆ. ಪರದೆ ಮತ್ತೆ ಬೆಳಗಿತು, ಅದೇ ಅರವತ್ತು. ಹಿಂದೆ, ಕುರ್ಚಿಗೆ ಕೈ ಇಟ್ಟವರು ಹಾಗೇ ಇದ್ದರು. ಅವಳು ತಿರುಗಿ ನೋಡಲಿಲ್ಲ. ಕೊನೆವರೆಗೂ ನೋಡಲಿಲ್ಲ. 'ಆ ವೈರ್ ಅಲ್ಲ' ಅಂತ ಮತ್ತೆ ಕೇಳಿಸಿತು. ಗಂಡು ದನಿ, ಹೆಣ್ಣು ದನಿ ಅಂತ ಹೇಳೋ ಹಾಗಿರಲಿಲ್ಲ. ಮನೇಲಿರೋದು ಇದೊಂದೇ ಅಂದಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ಗೊತ್ತಿಲ್ಲ... ಅಂಗಡಿಯಲ್ಲಿ ಹಿಂದೆ ನಿಂತ ಹುಡುಗಿಯಿಂದ ಔಷಧಿ ಇಸಕೊಳ್ಳೋ ಹಾಗೆ, ತಿರುಗದೆ ಕೈ ಹಿಂದಕ್ಕೆ ಚಾಚಿದಳು.

ಕೈಗೆ ಇಟ್ಟರು.

ದಪ್ಪನೆಯ ವೈರು. ತುದಿ ಭಾರವಾಗಿತ್ತು. ತೆಳ್ಳನೆಯದನ್ನು ಕಿತ್ತು, ಇದನ್ನು ಎರಡೂ ಕಡೆ ಅದರ ಪಕ್ಕದ ತೂತಿಗೆ ಒತ್ತಿದಳು. 'ಟಕ್' ಅಂತ ಕಚ್ಚಿಕೊಂಡಿತು. "ಕೆಳಗಿನ ಬಟನ್," ಅಂತು ದನಿ. ಒತ್ತಿದಳು. ಮಾನಿಟರಿನ ಸ್ವಂತ ಮೆನು ತೆರೆಯಿತು. ಅದರಲ್ಲಿ ಹೊಸ ವೈರಿನ ಹೆಸರು ಆರಿಸಿದಳು. "ಮೊದಲು ರೆಸಲ್ಯೂಶನ್. ಆಮೇಲೆ ಇನ್ನೊಂದು." ಹಾಗೇ ಮಾಡಿದಳು. ಪರದೆ ಕಪ್ಪಾಯಿತು. ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಚಿತ್ರ ಬಂದಿತ್ತು, ಈ ಬದಲಾವಣೆ ಇರಲಾ ಬೇಡವಾ ಅಂತ ಕೇಳುತ್ತಿತ್ತು. ಇರಲಿ ಅಂತ ಒತ್ತಿದಳು.

ಹಿಂದಿನಿಂದ 'ಹಾಂ...' ಅಂತ ಉದ್ದಕ್ಕೆ ಉಸಿರು ಬಿಟ್ಟ ಸದ್ದಾಯಿತಂತೆ.

"ಆಮೇಲೆ ನಾನು ಬೆಳಗಿನ ತನಕ ಆಡಿದೆ. ನಿಲ್ಲಿಸೋಕೆ ಭಯ," ಅಂದಳು. "ಅವರೂ ಬೆಳಗಿನ ತನಕ ಹಿಂದೇನೇ ನಿಂತಿದ್ರು. ಬಿಟ್ಟು ಹೋಗ್ಲಿಲ್ಲ."

ಚುಚ್ಚೋಕೆ ಅಂತ ಅಂದದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು. ಬಂಡೆ ಮುಖ ಮುಚ್ಚಿಕೊಂಡು ಅತ್ತನಂತೆ, ಮಕ್ಕಳ ಹಾಗೆ. ಅವಳು ಪಕ್ಕಕ್ಕೆ ಸರಿದು ಕೂತಳು. ತಲೆ ಸವರಲಿಲ್ಲ, ಎದ್ದೂ ಹೋಗಲಿಲ್ಲ.

ಅವತ್ತೇ ಅವನು ಸ್ಕ್ರೂ ಬಿಚ್ಚಿ ಆ ಚಿಲಕ ಕಿತ್ತು ಹಾಕಿದ. ಮಾರನೇ ದಿನ ಹಳೇ ಸಾಮಾನಿನ ಅಂಗಡಿಗೆ ಹೋಗಿ ಕೇಳಿದ. ಮಾನಿಟರ್ ಯಾರ ಮನೆಯದು ಅಂತ ಅಂಗಡಿಯವನಿಗೆ ಗೊತ್ತಿರಲಿಲ್ಲ, ಒಂದು ಗಾಡಿ ಸಾಮಾನಿನ ಜೊತೆ ಬಂದದ್ದು. ದಪ್ಪ ವೈರಿನ ಮಾತೆತ್ತಿದರೆ ಇಲ್ಲ ಅಂತ ತಲೆ ಆಡಿಸಿದ. ತೆಳ್ಳನೆಯದೊಂದೇ ತಾನು ಕೊಟ್ಟದ್ದು, ಬೇರೆ ಇದ್ದಿದ್ದರೆ ಅದಕ್ಕೂ ದುಡ್ಡು ಇಸಕೊಳ್ಳುತ್ತಿದ್ದೆ ಅಂತ ನಕ್ಕ.

ಮಾನಿಟರ್ ಕೊಟ್ಟುಬಿಡೋಣ ಅಂದರೆ ಅವಳು ಒಪ್ಪಲಿಲ್ಲ. ಈಗಲೂ ಅದರಲ್ಲೇ ಆಡುತ್ತಾಳೆ. ಅವಳು ಆಡುವಷ್ಟು ಹೊತ್ತೂ ಇವನು ಆ ಕೋಣೆಯಲ್ಲೇ ಗೋಡೆಗೆ ಒರಗಿ ಕೂತಿರುತ್ತಾನೆ. ಹೆದರಿಕೆ ಹೋಗಿಲ್ಲ, ಅಂಗಿ ಬೆವರಲ್ಲಿ ಒದ್ದೆಯಾಗುತ್ತೆ, ಆದರೂ ಕೂತಿರುತ್ತಾನೆ. ಠಾಣೆಯಲ್ಲಿ ಬಂಡೆ ಅಂತ ಕೂಗಿದರೆ ಮಾತ್ರ ಓಗೊಡೋದಿಲ್ಲ. ಯಾಕೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ.

ನೀವು ನಂಬಬೇಕು ಅಂತ ನಾನೇನೂ ಕೈ ಮುಗಿಯೋದಿಲ್ಲ. ಆದರೆ ಇದು ನಡೆದದ್ದು. ಹೋದ ತಿಂಗಳು ನಾನೇ ಅವರ ಮನೆಗೆ ಹೋಗಿದ್ದೆ. ಬೆಳಗಿಂದ ಕರೆಂಟು ಇರಲಿಲ್ಲ. ನೋಡ್ಬೇಕಾ ಅಂತ ಅವಳೇ ಕೇಳಿ, ಆ ವೈರು ಕಿತ್ತು, ತುದಿ ಹಿಡಿದು ನನ್ನ ಕೈಗೆ ಕೊಟ್ಟಳು. ಮಾಮೂಲಿ ಕಪ್ಪು ವೈರು. ಮೇಲೆ ಕಂಪನಿ ಹೆಸರಿಲ್ಲ, ಏನಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಬೆರಳಾಡಿಸಿದೆ, ಎಲ್ಲ ತಣ್ಣಗಿತ್ತು. ನಡುವೆ ಒಂದು ಕಡೆ... ಒಂದು ಮುಷ್ಟಿಯಷ್ಟು ಜಾಗ ಮಾತ್ರ... ಬೆಚ್ಚಗಿತ್ತು. ಇದೇ ಕೈಯಲ್ಲಿ ಮುಟ್ಟಿದ್ದೀನಿ.